ಸಿದ್ಧಾಂತ, ರಾದ್ಧಾಂತ

ಪಕ್ಕದ ಮನೆಯ ಹುಡುಗಿ ಕಾನೂನು ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂತೆಂದರೆ ತಾರಸಿಯೇ ಅವಳ ಓದುವ ಕೋಣೆ. ಒಣಹಾಕಿದ ಬಟ್ಟೆಗಳ ನಡುವೆ ಅತ್ತಿಂದಿತ್ತ ನಡೆಯುತ್ತಾ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾಳೆ. ಒಂದು ಸಂಜೆ ಕುಂಡಗಳಿಗೆ ನೀರು ಹಾಕುತ್ತಿದ್ದ ನನಗೆ ಕೇಳಿಸಿದ್ದು ಇಷ್ಟು: “ಕೇಶವಾನಂದ ಭಾರತಿ, 1973, ಹದಿಮೂರು ಜಡ್ಜು, ಏಳು–ಆರು, ಬೇಸಿಕ್ ಸ್ಟ್ರಕ್ಚರ್ ಡಾಕ್ಟ್ರಿನ್. ಕೇಶವಾನಂದ ಭಾರತಿ, 1973...” ಮಗ್ಗಿ ಹೇಳುವ ಲಯ ಅದಕ್ಕೆ ಬಂದುಬಿಟ್ಟಿತ್ತು.

“ಕೇಶವಾನಂದ ಭಾರತಿ ಅಂದರೆ ಯಾರಮ್ಮ?” ಎಂದೆ.

“ಅದು ಕೇಸಿನ ಹೆಸರು ಅಂಕಲ್.”

“ಸರಿ, ಕೇಸಿಗೆ ಆ ಹೆಸರು ಎಲ್ಲಿಂದ ಬಂತು?”

ಒಂದು ಗಳಿಗೆ ಯೋಚಿಸಿದಳು. “ಪಿಟಿಷನರ್ ಹೆಸರು ಇರಬೇಕು,” ಎಂದು ಹೇಳಿ ಮತ್ತೆ ಓಡಾಟಕ್ಕೆ ಹೊರಟಳು.

ಅವಳದೇನೂ ತಪ್ಪಿಲ್ಲ. ಕಾನೂನಿನ ಪುಸ್ತಕದಲ್ಲಿ ಮನುಷ್ಯರು ಉಳಿಯುವುದೇ ಹಾಗೆ. ಮೈ ಕರಗಿಹೋಗುತ್ತದೆ, ಹೆಸರು ಉಳಿಯುತ್ತದೆ, ಹೆಸರಿಗೆ ಒಂದು ಇಸವಿ ಅಂಟಿಕೊಳ್ಳುತ್ತದೆ. ಆದರೂ ನೀರಿನ ತಂಬಿಗೆ ಹಿಡಿದು ನಿಂತ ನನಗೆ ಏನೋ ಒಂದು ಬೆರಗು. ಊರು, ಹೊಲ, ಸಾಲ, ಜಗಳ ಎಲ್ಲ ಇದ್ದ ಒಂದು ಜೀವಂತ ಸಂಗತಿ ಹೇಗೆ ಒಣಗಿ ಒಣಗಿ ‘ಸಿದ್ಧಾಂತ’ ಎಂಬ ಒಂದು ಬೀಜವಾಗುತ್ತದೆ? ಆ ಬೀಜ ಮತ್ತೆಲ್ಲೋ, ನೆಟ್ಟವರು ಕಂಡೇ ಇರದ ನೆಲದಲ್ಲಿ ಹೇಗೆ ಮೊಳೆಯುತ್ತದೆ?

ಸಿದ್ಧಾಂತ ನಮ್ಮಲ್ಲಿ ಗೌರವದ ಪದ. “ಅವರು ಸಿದ್ಧಾಂತದ ಮನುಷ್ಯ” ಅಂದರೆ ಅರ್ಧ ಮೆಚ್ಚುಗೆ, ಅರ್ಧ ಎಚ್ಚರಿಕೆ: ಬಗ್ಗುವ ಪೈಕಿ ಅಲ್ಲ, ಹುಷಾರು. ಈ ಪದಕ್ಕೆ ಒಬ್ಬ ತಮ್ಮನಿದ್ದಾನೆ, ರಾದ್ಧಾಂತ. ಸಂಸ್ಕೃತದಲ್ಲಿ ಎರಡಕ್ಕೂ ಒಂದೇ ಅರ್ಥ; ಅಮರಕೋಶ ಎರಡನ್ನೂ ಸಮಾನ ಪದಗಳೆಂದೇ ಎಣಿಸುತ್ತದೆ. ವಾದವೆಲ್ಲ ಮುಗಿದ ಮೇಲೆ ನೆಲೆನಿಂತ ನಿರ್ಣಯ ಎಂದರ್ಥ. ಕನ್ನಡಕ್ಕೆ ಬಂದ ಮೇಲೆ ಅಣ್ಣ ಮಠ ಸೇರಿದ, ತಮ್ಮ ಬೀದಿಗೆ ಬಿದ್ದ. ಮದುವೆಮನೆಯಲ್ಲಿ ಕಾಫಿ ತಡವಾಯಿತೆಂದು ಬೀಗರು ಮಾಡಿದ್ದು ರಾದ್ಧಾಂತ. “ಇಷ್ಟಕ್ಕೆಲ್ಲ ಯಾಕೆ ರಾದ್ಧಾಂತ ಮಾಡ್ತೀಯ?” ಎಂದು ಬೈಸಿಕೊಳ್ಳದೆ ನಮ್ಮಲ್ಲಿ ಯಾರೂ ದೊಡ್ಡವರಾಗಿಲ್ಲ. ಪಂಡಿತರ ವಾದಸಭೆಯನ್ನು ಹೊರಗೆ ನಿಂತು ಕೇಳಿದ ಯಾರೋ ಕನ್ನಡಿಗ ಈ ಅರ್ಥ ಕೊಟ್ಟಿರಬೇಕು ಎಂದು ನನ್ನ ಗುಮಾನಿ. ಅವನಿಗೆ ಕೇಳಿಸಿದ್ದು ಗದ್ದಲ ಮಾತ್ರ. ನಿರ್ಣಯ ಏನಾಯಿತೆಂದು ತಿಳಿಯುವ ಹೊತ್ತಿಗೆ ಅವನು ಎಮ್ಮೆ ಹುಡುಕಿಕೊಂಡು ಹೊರಟಿರಬೇಕು.

ನಗೆಯ ಮಾತು ಹಾಗಿರಲಿ. ಒಂದೇ ಹೊಟ್ಟೆಯ ಎರಡು ಪದಗಳಲ್ಲಿ ಒಂದು ನಿರ್ಣಯವಾಯಿತು, ಇನ್ನೊಂದು ರಂಪವಾಯಿತು. ಅವುಗಳ ನಡುವಿನ ಗೆರೆ ಎಲ್ಲಿದೆ?

ಸಿದ್ಧಾಂತ ಎಂದರೆ ಸಿದ್ಧವಾದ ಅಂತ. ಅದು ಕೊನೆಯಲ್ಲಿ ಬರುವಂಥದ್ದು. ಮೀಮಾಂಸಕರ ಕ್ರಮದಲ್ಲಿ ಮೊದಲು ವಿಷಯ, ಆಮೇಲೆ ಸಂಶಯ, ಆಮೇಲೆ ಪೂರ್ವಪಕ್ಷ, ಅಂದರೆ ಎದುರಾಳಿಯ ಮಾತು. ಅದನ್ನೂ ಅವನಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಇಷ್ಟಾದ ಮೇಲೆ ಸಿದ್ಧಾಂತ. ಶಂಕರರ ಭಾಷ್ಯವಾಗಲಿ, ಜಯತೀರ್ಥರ ಟೀಕೆಯಾಗಲಿ, ತೆರೆದು ನೋಡಿದರೆ ಎದುರಾಳಿ ಅಲ್ಲಿ ಪುಟಗಟ್ಟಲೆ ಮಾತಾಡುತ್ತಾನೆ. ಎಷ್ಟೋ ಸಲ, ಇವನೇ ಗೆಲ್ಲುತ್ತಾನೇನೋ ಎನಿಸುವಷ್ಟು.

ಇದನ್ನು ನಾನು ಮೊದಲು ಕಂಡದ್ದು ಗ್ರಂಥದಲ್ಲಲ್ಲ, ಕರಾವಳಿಯ ಒಂದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಪ್ರಸಂಗ ವಾಲಿವಧೆ. ಬಿಳಿ ಪಂಚೆಯ ವಯಸ್ಸಾದ ವಾಲಿ ಬಾಣ ನಟ್ಟ ಎದೆಯ ಮೇಲೆ ಕೈಯಿಟ್ಟುಕೊಂಡು ತೀರಾ ಮೆಲ್ಲಗೆ ಕೇಳಿದರು: ನನಗೂ ನಿನಗೂ ಏನು ಹಗೆ? ಎದುರು ನಿಲ್ಲದೆ ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ? ಸಭೆಯಲ್ಲಿ ಕೆಮ್ಮುವ ಸದ್ದೂ ಇಲ್ಲ. ರಾಮ ಉತ್ತರ ಶುರುಮಾಡಿದ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆಯೇ ಹೊರತು ಯುದ್ಧವಲ್ಲ ಎಂದ. ಶಾಸ್ತ್ರ ಹೇಳಿದ, ರಾಜಧರ್ಮ ಹೇಳಿದ. ಒಂದೊಂದು ಉತ್ತರಕ್ಕೂ ವಾಲಿಯ ಮತ್ತೊಂದು ಪ್ರಶ್ನೆ. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ವಾಲಿ ಒಪ್ಪಲೇಬೇಕು. ಆದರೆ ಒಪ್ಪುವ ಮುನ್ನ ಆ ಹಿರಿಯರು ರಾಮನನ್ನು ಎಷ್ಟು ಬೆವರಿಸಿದರೆಂದರೆ, ರಾಮನಿಗೆ ಕೊನೆಗೆ ಸಿಕ್ಕಿದ ಸಿದ್ಧಾಂತಕ್ಕೆ ವಾಲಿಯ ನೆತ್ತರೂ ಸ್ವಲ್ಪ ಮೆತ್ತಿಕೊಂಡಿತ್ತು. ಮರುದಿನ ಇನ್ನೊಂದೂರಿನಲ್ಲಿ ಅದೇ ಹಿರಿಯರು ರಾಮನ ಅರ್ಥ ಹೇಳಲಿದ್ದಾರೆಂದು ಪಕ್ಕದಲ್ಲಿದ್ದವರು ಹೇಳಿದರು.

ಇವತ್ತು ಕೇಳಿದವನು ನಾಳೆ ಉತ್ತರಿಸಬೇಕು. ಗೆರೆ ಇರುವುದು ಇಲ್ಲೇ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ತಾರಸಿಯ ಮಗ್ಗಿಗೆ ಮರಳುತ್ತೇನೆ. ಕಾಸರಗೋಡು ಪೇಟೆಯಿಂದ ಪೂರ್ವಕ್ಕೆ ಹೊರಟರೆ ಎಡನೀರು. ಅಲ್ಲಿರುವುದು ತೋಟಕಾಚಾರ್ಯರ ಪರಂಪರೆಯೆಂದು ಹೇಳಿಕೊಳ್ಳುವ ಅದ್ವೈತ ಮಠ. ಕೇಶವಾನಂದ ಭಾರತಿ ಅಲ್ಲಿಯ ಸ್ವಾಮಿಗಳು, ಹುಟ್ಟಿದ್ದು 1940ರಲ್ಲಿ. ಸಂಗೀತದ ಹುಚ್ಚು, ಯಕ್ಷಗಾನವೆಂದರೆ ಪ್ರಾಣ, ಸ್ವತಃ ಭಾಗವತಿಕೆ ಮಾಡುತ್ತಿದ್ದವರು. ಮಠದ ಮಾತು ಕನ್ನಡ, ಆದರೆ 1956ರ ಮರುವಿಂಗಡಣೆಯಲ್ಲಿ ಊರು ಕೇರಳಕ್ಕೆ ಸೇರಿತ್ತು. ಹಾಗಾಗಿ ಕೇರಳದ ಭೂಸುಧಾರಣೆ ಕಾನೂನು ಮಠದ ಜಮೀನಿನ ಬಾಗಿಲಿಗೆ ಬಂತು. 1970ರ ಮಾರ್ಚಿನಲ್ಲಿ, ಇಪ್ಪತ್ತೊಂಬತ್ತರ ಹರೆಯದ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಕೇಳಿದ್ದು ಮಠದ ಭೂಮಿಯನ್ನು, ಮಠದ ಹಕ್ಕನ್ನು. ಅಷ್ಟೇ.

ಅರ್ಜಿ ದೆಹಲಿಯಲ್ಲಿ ಇದ್ದಷ್ಟು ಹೊತ್ತಿನಲ್ಲಿ ಸಂಸತ್ತು 24, 25 ಮತ್ತು 29ನೆಯ ತಿದ್ದುಪಡಿಗಳನ್ನು ತಂದಿತು. ಭೂಮಿಯ ಪ್ರಶ್ನೆ ಪಕ್ಕಕ್ಕೆ ಸರಿಯಿತು. ದೊಡ್ಡದೊಂದು ಪ್ರಶ್ನೆ ಆ ಸಣ್ಣ ಅರ್ಜಿಯ ಬೆನ್ನೇರಿ ಕೂತಿತು: ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಮಿತಿ ಇದೆಯೇ? ಹದಿಮೂರು ನ್ಯಾಯಮೂರ್ತಿಗಳು 68 ದಿನ ಕೇಳಿದರು. ಸ್ವಾಮಿಗಳ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್.ಎಂ. ಸೀರ್ವೈ. 1973ರ ಏಪ್ರಿಲ್ 24ರಂದು ಹನ್ನೊಂದು ಪ್ರತ್ಯೇಕ ತೀರ್ಪುಗಳು, 703 ಪುಟ. ಸಾರ ಒಂದು ಸಾಲಿನದು: ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಒಪ್ಪಿದವರು ಏಳು, ಒಪ್ಪದವರು ಆರು.

ಈ 703 ಪುಟ ನನಗೆ ಅರ್ಥವಾದದ್ದು ಕನ್ನಡದ ಒಂದು ಕ್ರಿಯಾಪದದಿಂದ. ನಾವು ಸ್ಲೇಟು ಹಿಡಿದ ಕಾಲದಲ್ಲಿ ಮೇಷ್ಟ್ರು ದೊಡ್ಡದಾಗಿ ‘ಅ’ ಬರೆದು “ತಿದ್ದು” ಎನ್ನುತ್ತಿದ್ದರು. ಅದರ ಮೇಲೆಯೇ ಬಳಪ ಓಡಿಸಬೇಕು. ಹತ್ತು ಸಲ, ನೂರು ಸಲ. ಗೆರೆ ದಪ್ಪವಾಗುತ್ತಿತ್ತು, ಸೊಟ್ಟಗಾಗುತ್ತಿತ್ತು, ಕೆಲವೊಮ್ಮೆ ಬಾಲವೂ ಬೆಳೆಯುತ್ತಿತ್ತು. ಆದರೆ ಕೆಳಗೆ ‘ಅ’ ಇರಲೇಬೇಕು. ಎಂಜಲು ಹಚ್ಚಿ ಒರೆಸಿಬಿಟ್ಟರೆ ಬೆನ್ನಿಗೆ ಒಂದು ಬೀಳುತ್ತಿತ್ತು, ಏಕೆಂದರೆ ಅದು ತಿದ್ದಿದ್ದಲ್ಲ, ಅಳಿಸಿದ್ದು. ತಿದ್ದುಪಡಿ ಎಂಬ ಪದದೊಳಗೇ ಅಳಿಸಬಾರದೆಂಬ ಕಟ್ಟಳೆ ಅಡಗಿದೆ. ನ್ಯಾಯಸೂತ್ರ ನಾಲ್ಕು ಬಗೆಯ ಸಿದ್ಧಾಂತಗಳನ್ನು ಹೇಳುತ್ತದೆ: ಎಲ್ಲ ಶಾಸ್ತ್ರಗಳೂ ಒಪ್ಪುವುದು ಒಂದು, ತನ್ನ ಶಾಸ್ತ್ರಕ್ಕೆ ಮಾತ್ರ ಸೇರಿದ್ದು ಇನ್ನೊಂದು, ಸದ್ಯಕ್ಕೆ ಒಪ್ಪಿ ಪರೀಕ್ಷಿಸುವುದು ಮತ್ತೊಂದು. ಉಳಿದದ್ದು ಅಧಿಕರಣ ಸಿದ್ಧಾಂತ. ಒಂದು ಮಾತು ಸಿದ್ಧವಾದರೆ ಅದರೊಳಗೆ ಹುದುಗಿರುವ ಬೇರೆ ಮಾತುಗಳೂ ತಾವಾಗಿಯೇ ಸಿದ್ಧವಾಗುವುದು ಅದು. ಪಾಲ್ಖಿವಾಲಾ ಕೋರ್ಟಿನಲ್ಲಿ ಕಾಣಿಸಿಕೊಟ್ಟದ್ದು ಅಂಥದ್ದನ್ನೇ: ಸಂವಿಧಾನದಲ್ಲಿ ಬರೆಯದೆ ಇದ್ದರೂ ಇರುವ ಮಿತಿಯನ್ನು.

ಬೀಜ ಎಲ್ಲಿಂದ ಬಂತೆಂದು ಹುಡುಕಿದರೆ ಬೆರಗು ಇನ್ನೂ ಹೆಚ್ಚುತ್ತದೆ. ಪಾಕಿಸ್ತಾನದ ಸುಪ್ರೀಂ ಕೋರ್ಟ್ 1963ರಲ್ಲಿ ಸಂವಿಧಾನದ ಮೂಲ ಲಕ್ಷಣಗಳ ಮಾತೆತ್ತಿತ್ತು. ನಮ್ಮ ನ್ಯಾಯಮೂರ್ತಿ ಮುಧೋಳ್ಕರ್ 1965ರ ಒಂದು ತೀರ್ಪಿನಲ್ಲಿ ಆ ಪ್ರಶ್ನೆಯನ್ನು ಇಲ್ಲಿಯೂ ಕೇಳಿಟ್ಟರು. ಅದೇ ವರ್ಷ ಡೀಟ್ರಿಷ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುವ ಅಧಿಕಾರಕ್ಕೆ ಒಳಗಿನಿಂದಲೇ ಇರುವ ಮಿತಿಗಳ ಬಗ್ಗೆ ಉಪನ್ಯಾಸ ಕೊಟ್ಟ. ವೈಮಾರ್ ಸಂವಿಧಾನ ಹೇಗೆ ಒಳಗಿನಿಂದ ಕುಸಿಯಿತೆಂದು ಬಲ್ಲ ದೇಶದವನು. ಲಾಹೋರು, ಜರ್ಮನಿ, ಕಾಶಿ ಎಲ್ಲ ಸುತ್ತಿ ಬಂದ ಮಾತು ಎಡನೀರಿನ ಗದ್ದೆ-ತೋಟದ ತಕರಾರಿನಲ್ಲಿ ಬೇರು ಬಿಟ್ಟಿತು. 1989ರಲ್ಲಿ ಅದೇ ಸಿದ್ಧಾಂತವನ್ನು ಬಾಂಗ್ಲಾದೇಶದ ಸುಪ್ರೀಂ ಕೋರ್ಟ್ ತನ್ನದಾಗಿಸಿಕೊಂಡಿತು.

ಭೂಮಿ? ಅದು ಸ್ವಾಮಿಗಳಿಗೆ ಮರಳಲಿಲ್ಲ. ಕೇರಳದ ಕಾನೂನನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿದ 29ನೆಯ ತಿದ್ದುಪಡಿ ಉಳಿಯಿತು. ಇದರಲ್ಲಿ ದುಃಖಪಡುವಂಥದ್ದು ಇದೆಯೆಂದು ನಾನು ಹೇಳಲಾರೆ. ತಲೆಮಾರುಗಳಿಂದ ಗೇಣಿ ಅಳೆದು ಬೆನ್ನು ಬಾಗಿದ ಒಕ್ಕಲಿಗೂ ಒಂದು ಸಿದ್ಧಾಂತವಿತ್ತು: ಉಳುವವನೇ ಹೊಲದೊಡೆಯ. ಅದೂ ಗೆಲ್ಲಬೇಕಾದ ಮಾತೇ. ಅಂದು ಒಕ್ಕಲಿಗೆ ನೆಲ ಸಿಕ್ಕಿತು, ದೇಶಕ್ಕೆ ಸಿದ್ಧಾಂತ ಸಿಕ್ಕಿತು, ಬರಿಗೈಯಲ್ಲಿ ಉಳಿದವರು ಕೇಸು ಹಾಕಿದವರು ಮಾತ್ರ. ಪಾಲ್ಖಿವಾಲಾ ಮತ್ತು ಸ್ವಾಮಿಗಳು ಒಮ್ಮೆಯೂ ಮುಖಾಮುಖಿ ಆಗಲಿಲ್ಲ ಎನ್ನುತ್ತಾರೆ. ಸನ್ಯಾಸಿ ಪೂರ್ವಾಶ್ರಮದ ಹೆಸರನ್ನು ಬಿಟ್ಟು ಬಂದಿರುತ್ತಾನೆ. ಹಾಗೆ ಬಿಟ್ಟು ಬಂದವರಿಗೆ ಮಠ ಕೊಟ್ಟ ಹೆಸರು ಈಗ ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯ ನಾಲಿಗೆಯಲ್ಲಿದೆ.

ಇದು ಒಂದೇ ಸಲ ಆದದ್ದಾಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಬೆಂಗಳೂರಿನ ಮಿನರ್ವ ಮಿಲ್ಸ್ ರಾಷ್ಟ್ರೀಕರಣವಾದಾಗ ಅದರ ಒಡೆಯರು ಕೋರ್ಟಿಗೆ ಹೋದರು. 1980ರ ತೀರ್ಪು ತುರ್ತು ಪರಿಸ್ಥಿತಿಯ 42ನೆಯ ತಿದ್ದುಪಡಿಯ ಎರಡು ಕಲಮುಗಳನ್ನು ಕಿತ್ತುಹಾಕಿ ಮೂಲ ಸ್ವರೂಪದ ಸಿದ್ಧಾಂತವನ್ನು ಗಟ್ಟಿಮಾಡಿತು. ಮಿಲ್ಲು ಒಡೆಯರಿಗೆ ಬರಲಿಲ್ಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಿಧಾನಸಭೆಯಲ್ಲಿ ಬಲ ತೋರಿಸಲೂ ಬಿಡದೆ ವಜಾ ಮಾಡಿದರು. ಬಹುಮತವನ್ನು ಎಣಿಸಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 1994ರ ಮಾರ್ಚಿನಲ್ಲಿ. ಅಷ್ಟರಲ್ಲಿ ಬೊಮ್ಮಾಯಿಯವರ ಕುರ್ಚಿ ಕೈತಪ್ಪಿ ಐದು ವರ್ಷ. ಆ ತೀರ್ಪಿನ ನೆರಳಲ್ಲಿ ಆಮೇಲೆ ಎಷ್ಟೋ ರಾಜ್ಯಗಳ ಸರ್ಕಾರಗಳು ಉಸಿರು ಉಳಿಸಿಕೊಂಡವು. ಜಮೀನು ಕೇಳಿದವರು, ಮಿಲ್ಲು ಕೇಳಿದವರು, ಕುರ್ಚಿ ಕೇಳಿದವರು. ಕೇಳಿದ್ದು ಯಾರಿಗೂ ಸಿಗಲಿಲ್ಲ, ಕೇಳದೆ ಇದ್ದದ್ದು ಎಲ್ಲರಿಗೂ ಸಿಕ್ಕಿತು.

ಗೆದ್ದವರ ಕಥೆಯೂ ಒಂದಿದೆ, ಅದೂ ಕರಾವಳಿಯದೇ. ಉಡುಪಿಯ ಅಷ್ಟಮಠಗಳಲ್ಲಿ ಎರಡೆರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆ ಕೈ ಬದಲಾಗುತ್ತದೆ. ಪರ್ಯಾಯವೆಂದರೆ ಅನ್ನದಾನ, ಅನ್ನದಾನವೆಂದರೆ ಅಕ್ಕಿ, ಬೇಳೆ, ಬೆಲ್ಲ, ಸೌದೆ. 1946ರಲ್ಲಿ ಸರದಿ ಶಿರೂರು ಮಠದ್ದು. ಯುದ್ಧ ಆಗಷ್ಟೇ ಮುಗಿದಿತ್ತು. ಸಾಮಾನು ಸಿಗದ ಕಾಲ, ಸಿಕ್ಕರೆ ಬೆಂಕಿಯಂಥ ಬೆಲೆ. ಮಠದ ಸಾಲ ಒಂದು ಲಕ್ಷ ರೂಪಾಯಿಯ ಹತ್ತಿರಕ್ಕೆ ಏರಿತು. ಆಗ ಉಡುಪಿ ಮದರಾಸು ಪ್ರಾಂತ್ಯದಲ್ಲಿತ್ತು. ಸಾಲ ಕಂಡ ಧರ್ಮದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈಹಾಕಿತು. ಲಕ್ಷ್ಮೀಂದ್ರತೀರ್ಥರು ಕೋರ್ಟಿಗೆ ಹೋದರು. 1954ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ ಬರೆದ ತೀರ್ಪು ಸ್ವಾಮಿಗಳ ಕಡೆ ನಿಂತಿತು. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳನ್ನು ನೋಡಿಯೇ ತಿಳಿಯಬೇಕು ಎಂದಿತು. ಅಡುಗೆಮನೆಯ ಸಾಲದಿಂದ ‘ಅತ್ಯಗತ್ಯ ಧಾರ್ಮಿಕ ಆಚರಣೆ’ಯ ಸಿದ್ಧಾಂತ ಹುಟ್ಟಿತು.

ಆದರೆ ಸಿದ್ಧಾಂತ ಹುಟ್ಟಿದ ಮನೆಯಲ್ಲೇ ಕೂರುವುದಿಲ್ಲ. ಮುಂದಿನ ತೀರ್ಪುಗಳಲ್ಲಿ ಯಾವುದು ಅತ್ಯಗತ್ಯ, ಯಾವುದು ಅಲ್ಲ ಎಂದು ಕೋರ್ಟುಗಳೇ ಜರಡಿ ಹಿಡಿಯತೊಡಗಿದವು. ಧರ್ಮಕ್ಕೆ ಕಾವಲಾಗಿ ಬಂದದ್ದು ಧರ್ಮವನ್ನು ತೂಗುವ ತಕ್ಕಡಿಯೂ ಆಯಿತು. ಅರವತ್ತೆಂಟು ವರ್ಷ ಕಳೆದು ಅದು ಮತ್ತೆ ಉಡುಪಿಗೇ ಬಂತು, ಈ ಸಲ ಪದವಿಪೂರ್ವ ಕಾಲೇಜಿನ ಬಾಗಿಲಿಗೆ. ಹಿಜಾಬ್ ಅತ್ಯಗತ್ಯ ಆಚರಣೆಯಲ್ಲ ಎಂದು 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಬಗೆಯಾದರು. ಒಬ್ಬ ಯತಿ ತನ್ನ ಮಠಕ್ಕಾಗಿ ತೆರೆಸಿದ ಬಾಗಿಲ ಮುಂದೆ ಸುಮಾರು ಏಳು ದಶಕಗಳಾಚೆ ಹದಿಹರೆಯದ ಹುಡುಗಿಯರು ನಿಂತಿದ್ದರು. ಅಂದು ಅಕ್ಕಿಯ ಲೆಕ್ಕ ಬರೆಯುತ್ತಿದ್ದವರಿಗೆ ಇದರ ಕನಸು ಬಿದ್ದಿರಲು ಸಾಧ್ಯವೇ?

ಎಡನೀರಿನದು ಅದ್ವೈತ, ಶಿರೂರಿನದು ದ್ವೈತ. ಜೀವ-ಬ್ರಹ್ಮ ಒಂದೇ ಎನ್ನುವವರು ಮತ್ತು ಎಂದೆಂದಿಗೂ ಬೇರೆ ಎನ್ನುವವರು. ಏಳು ಶತಮಾನ ವಾದಮಾಡಿದರೂ ಒಂದೇ ಪಂಕ್ತಿಗೆ ಬಾರದ ಎರಡು ಮತಗಳ ಹೆಸರು ಇವತ್ತು ಒಂದೇ ಪಠ್ಯಪುಸ್ತಕದ ಒಳಗೆ ತಣ್ಣಗೆ ಕೂತಿವೆ. ವಾದ ಗೆಲ್ಲದಿದ್ದದ್ದನ್ನು ವಕೀಲರ ಕಪಾಟು ಸಾಧಿಸಿತು.

ರಾಜಕೀಯದ ಸಿದ್ಧಾಂತಗಳ ರೀತಿ ಬೇರೆ. ಶಾಲೆಯಲ್ಲಿ ನಾವು ಕಲಿತ ಮೊದಲ ರಾಜಕೀಯ ಸಿದ್ಧಾಂತ ಯಾವುದು? ದತ್ತುಮಕ್ಕಳಿಗೆ ಹಕ್ಕಿಲ್ಲ. ಡಾಲ್‌ಹೌಸಿಯ ಹೆಸರಿನ ಜೊತೆ ಬರುವ ಈ ಮಾತಿನ ಬಿಸಿ ಕನ್ನಡ ನಾಡಿಗೆ ಮೊದಲೇ ತಟ್ಟಿತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ಸುಮ್ಮನಿರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಆಗ ಡಾಲ್‌ಹೌಸಿ ಹನ್ನೆರಡು ವರ್ಷದ ಹುಡುಗ. ಅವನು ದೊಡ್ಡವನಾಗಿ ಗವರ್ನರ್ ಜನರಲ್ ಆದ ಮೇಲೆ ಅದೇ ನೀತಿ ಸತಾರ, ಝಾನ್ಸಿ, ನಾಗಪುರಗಳನ್ನು ನುಂಗಿತು. ಅಲ್ಲಿ ಪೂರ್ವಪಕ್ಷಕ್ಕೆ ಜಾಗವೇ ಇರಲಿಲ್ಲ. ವಾಲಿಗೆ ಮಾತೇ ಇಲ್ಲದ ವಾಲಿವಧೆ ಅದು. ಕಾನೂನಿನ ವೇಷ ತೊಟ್ಟ ದುರಾಸೆಗೆ ಸಿದ್ಧಾಂತವೆಂಬ ಹೆಸರು. 1857ರ ಬೆಂಕಿಯಲ್ಲಿ ಸುಟ್ಟುಕೊಂಡ ಮೇಲೆ ಬ್ರಿಟಿಷರೇ ಅದನ್ನು ಕೈಬಿಟ್ಟರು. ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಕೊಂಡ ದತ್ತುವನ್ನು 1867ರಲ್ಲಿ ಲಂಡನ್ ಒಪ್ಪಿತು. 1881ರಲ್ಲಿ ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮೈಸೂರು ಮರಳಿತು. ಕಿತ್ತೂರಿನಲ್ಲಿ ರಕ್ತ ಹರಿಸಿದ ಪ್ರಶ್ನೆಗೆ ಮೈಸೂರಿನಲ್ಲಿ ಕಾಗದದ ಮೇಲೆ ಉತ್ತರ ಸಿಕ್ಕಿತು. ನಡುವೆ ಆರು ದಶಕ.

ಹೊರದೇಶಗಳಲ್ಲೂ ಇದೇ ಜಾಯಮಾನ. ಕಿತ್ತೂರಿಗೆ ಒಂದು ವರ್ಷ ಹಿಂದೆ, 1823ರಲ್ಲಿ, ಅಮೆರಿಕದ ಅಧ್ಯಕ್ಷ ಮನ್ರೋ ಯುರೋಪಿಗೆ ಹೇಳಿದ: ಈ ಖಂಡಗಳಲ್ಲಿ ಇನ್ನು ಹೊಸ ವಸಾಹತು ಬೇಡ. ಕೇಳಲು ನ್ಯಾಯವಾಗಿಯೇ ಇದೆ. 1904ರ ಹೊತ್ತಿಗೆ ಥಿಯೋಡರ್ ರೂಸ್‌ವೆಲ್ಟ್ ಅದಕ್ಕೊಂದು ಬಾಲ ಅಂಟಿಸಿದ್ದ: ನೀವು ಬರಬೇಡಿ, ಅಗತ್ಯ ಬಿದ್ದರೆ ನಾವೇ ಕೈಹಾಕುತ್ತೇವೆ. 1968ರಲ್ಲಿ ಪ್ರಾಗಿನ ಬೀದಿಗೆ ಟ್ಯಾಂಕು ನುಗ್ಗಿಸಿದ್ದಕ್ಕೆ ಬ್ರೆಝ್ನೆವ್ ಸಿದ್ಧಾಂತವೆಂದು ಹೆಸರಾಯಿತು. ಇವೆಲ್ಲ ಪರರ ಕೈಕಾಲು ಕಟ್ಟುವ ಹಗ್ಗಗಳು, ಹೊಸೆದವನ ಕೈ ಮಾತ್ರ ಬಿಡುವಾಗಿರುತ್ತದೆ. ಅಪರೂಪಕ್ಕೆ ಬೇರೆ ಥರದ್ದೂ ಕಾಣುತ್ತದೆ. ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ವಿದೇಶಾಂಗ ಸಚಿವ ಗುಜ್ರಾಲ್ ಹೇಳಿದ್ದು: ಬಾಂಗ್ಲಾ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ಡೀವ್ಸ್‌ನಂಥ ನೆರೆಯವರಿಗೆ ಪ್ರತಿಫಲ ಕೇಳದೆ, ನಂಬಿಕೆಯಿಂದ, ಕೈಲಾದದ್ದನ್ನು ಕೊಡಬೇಕು. ಆ ಡಿಸೆಂಬರಿನಲ್ಲಿ ಬಾಂಗ್ಲಾದೇಶದೊಂದಿಗೆ ಗಂಗಾ ನೀರಿನ ಒಪ್ಪಂದಕ್ಕೆ ದೇವೇಗೌಡರು ಸಹಿ ಹಾಕಿದರು. ಅದು ಜಾಣತನವೋ ಬೋಳೆತನವೋ ಎಂಬ ಚರ್ಚೆ ಇದ್ದೇ ಇದೆ. ಆದರೆ ದೊಡ್ಡವನು ಮೊದಲು ತನ್ನ ಕೈಗೇ ದಾರ ಕಟ್ಟಿಕೊಂಡ ಎಂಬುದು ನಿಜ.

ಹಾಗಾದರೆ ಗೆರೆ ಇದು. ಸಿದ್ಧಾಂತ ಮೊದಲು ಹೇಳಿದವನನ್ನು ಕಟ್ಟುತ್ತದೆ. ರಾದ್ಧಾಂತ ಕೇಳುವವನನ್ನು ಮಾತ್ರ.

ಧರ್ಮ ಇದಕ್ಕೆ ಹೊರತಲ್ಲವೆಂದು ಶಂಕರರ ಭಕ್ತರೇ ಹೇಳಿಕೊಂಡು ಬಂದ ಕಥೆಯೊಂದಿದೆ. ಕಾಶಿಯ ಓಣಿಯಲ್ಲಿ ಗಂಗಾಸ್ನಾನಕ್ಕೆ ಹೊರಟ ಆಚಾರ್ಯರಿಗೆ ನಾಯಿಗಳೊಂದಿಗೆ ಬಂದ ಚಾಂಡಾಲ ಎದುರಾದ. ದಾರಿ ಬಿಡು ಎಂದರು. ಯಾರು ಸರಿಯಬೇಕು, ಈ ದೇಹವೋ, ಒಳಗಿನ ಆತ್ಮವೋ ಎಂದು ಅವನು ಕೇಳಿದ. ಎಲ್ಲ ಒಂದೇ ಎಂದು ಊರೂರು ಸುತ್ತಿ ವಾದ ಗೆದ್ದವರ ಸಿದ್ಧಾಂತ ಓಣಿಯ ನಡುವೆ ತಿರುಗಿ ಅವರನ್ನೇ ಹಿಡಿದುಕೊಂಡಿತು. ಶಂಕರರು ಹೀಗೆ ತಿಳಿದವನು ಯಾರೇ ಆಗಲಿ ನನ್ನ ಗುರು ಎಂದು ತಲೆಬಾಗಿದರು. ಆಮೇಲೆ ಆ ಚಾಂಡಾಲ ಶಿವನಾಗಿದ್ದ ಎಂದು ಕಥೆ ಮುಗಿಯುತ್ತದೆ. ಆ ಕೊನೆ ನನಗೆ ಬೇಡವೇ ಬೇಡ. ಶಿವನಾಗಿದ್ದಕ್ಕೆ ಬಾಗಿದ್ದಾದರೆ ಬಾಗಿದ್ದಕ್ಕೆ ಬೆಲೆಯೇನು? ಗುರುವಾಗಲು ಅವನು ಚಾಂಡಾಲನಾಗಿಯೇ ಇದ್ದರೆ ಸಾಕಿತ್ತು.

ನ್ಯಾಯಾಲಯದಲ್ಲೂ ಅಂಥದ್ದೊಂದು ಓಣಿ ಬಂತು. 1973ರ ತೀರ್ಪಿನ ಮರುದಿನವೇ ಮೂಲ ಸ್ವರೂಪದ ಪರ ನಿಂತಿದ್ದ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ದಾಟಿಸಿಕೊಂಡವರಲ್ಲಿ ಒಬ್ಬರು ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, ಮೂವರೂ ರಾಜೀನಾಮೆ ಕೊಟ್ಟು ಎದ್ದುಬಂದರು. ಎರಡು ವರ್ಷದ ಮೇಲೆ ತುರ್ತು ಪರಿಸ್ಥಿತಿ. ಪ್ರಧಾನಿಯ ಚುನಾವಣೆಯನ್ನು ಕೋರ್ಟುಗಳ ಕೈಗೆಟುಕದಂತೆ ಮಾಡಲು 39ನೆಯ ತಿದ್ದುಪಡಿ ಬಂತು. ವಿಚಾರಣೆಗೆ ಕೂತ ಐವರಲ್ಲಿ ನಾಲ್ವರು 1973ರಲ್ಲಿ ಒಪ್ಪದೆ ಬರೆದವರು. ಒಪ್ಪಿದ್ದವರು ಎಚ್.ಆರ್. ಖನ್ನಾ ಒಬ್ಬರೇ. ಆದರೂ 1975ರ ನವೆಂಬರ್ 7ರಂದು ಆ ಪೀಠ, ಎಡನೀರಿನ ಕೇಸಿನ ಬಲದಿಂದಲೇ, ತಿದ್ದುಪಡಿಯ ಆ ಕಲಮನ್ನು ಹೊಡೆದುಹಾಕಿತು. ಆ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ 1980ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಮಿನರ್ವ ಮಿಲ್ಸ್ ತೀರ್ಪು ಬರೆದಾಗ, ತಿದ್ದುವ ಅಧಿಕಾರಕ್ಕೆ ಮಿತಿ ಇರುವುದೇ ಸಂವಿಧಾನದ ಮೂಲ ಲಕ್ಷಣಗಳಲ್ಲೊಂದು ಎಂದರು. ವಾಲಿಯ ಅರ್ಥ ಹೇಳಿದವರು ಇನ್ನೊಂದೂರಿನಲ್ಲಿ ರಾಮನ ಅರ್ಥ ಹೇಳಿದಂತೆ. ಸೋತ ವಾದವನ್ನು ಮತ್ತೆ ಎತ್ತುವ ಅವಕಾಶ, ಅಧಿಕಾರ ಎರಡೂ ಇದ್ದಾಗ ತನ್ನದಲ್ಲದ ಸಿದ್ಧಾಂತಕ್ಕೆ ಕೊರಳು ಕೊಡುವುದು ಸಣ್ಣ ಸಂಗತಿಯಲ್ಲ. ಏಳು–ಆರರ ಒಂದು ಮತದಂತರದಲ್ಲಿ ಹುಟ್ಟಿದ್ದು ಸಿದ್ಧಾಂತವಾದದ್ದು 1973ರಲ್ಲಲ್ಲ, ಒಪ್ಪದವರೂ ಅದಕ್ಕೆ ಬಾಗಿದ ದಿನ ಎಂದು ನನಗನಿಸುತ್ತದೆ.

ಕೇಶವಾನಂದ ಭಾರತಿ ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ದೇಶದ ಪತ್ರಿಕೆಗಳು ನೆನೆದದ್ದು ಸಂವಿಧಾನವನ್ನು. ಅವರ ಹಾಡು ಕೇಳಿದ್ದವರು ನೆನೆದದ್ದು ಬೇರೆ.

ಪರೀಕ್ಷೆಗೆ ಎರಡು ದಿನ ಇರುವಾಗ ಹುಡುಗಿ ಮತ್ತೆ ತಾರಸಿಯಲ್ಲಿ ಸಿಕ್ಕಳು. ನನಗೆ ತಡೆಯಲಾಗದೆ ಎಡನೀರು, ಭಾಗವತಿಕೆ, ಗೇಣಿ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು.

“ಹಾಗಾದ್ರೆ ಜಮೀನು ವಾಪಸ್ ಬಂತಾ ಅಂಕಲ್?”

“ಇಲ್ಲ.”

“ಮತ್ತೆ ಕೇಸು ಗೆದ್ದೋರು ಯಾರು?”

ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಅವಳೇ ಹೇಳಿದಳು: “ನಮ್ಮ ನೋಟ್ಸಲ್ಲಿ ‘ಹೆಲ್ಡ್’ ಅಂತ ಬರೀತೀವಿ, ಆಮೇಲೆ ಡಾಕ್ಟ್ರಿನ್. ಗೆದ್ದೋರು ಯಾರು ಅಂತ ಬರೆಯೋಕೆ ಜಾಗಾನೇ ಇರಲ್ಲ.”

ಬಟ್ಟೆಯ ಹೊರೆ ಎತ್ತಿಕೊಂಡು ಕೆಳಗಿಳಿದಳು. ಮೆಟ್ಟಿಲಿನಿಂದ ಮಗ್ಗಿ ಮತ್ತೆ ಶುರುವಾಯಿತು. ಈ ಸಲ ಒಂದು ಪದ ಹೆಚ್ಚಿತ್ತು: “ಕೇಶವಾನಂದ ಭಾರತಿ, ಎಡನೀರು, 1973...”